ಎಚ್ಚರವನ್ನು ತಡೆಹಿಡಿಯುವ ನರಕೋಶಗಳು

ಮೊದಲ ಮಹಾಯುದ್ಧದ ಕಾಲದಲ್ಲಿ ಹರಡಿದ ವಿಚಿತ್ರ ಮಿದುಳುರಿತವೊಂದನ್ನು 1917ರಲ್ಲಿ ವಿವರಿಸಿದ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಅವರು, ಅನೇಕ ರೋಗಿಗಳು ಸದಾ ನಿದ್ರಿಸುತ್ತಿದ್ದರೆ ಕೆಲವರು ನಿದ್ದೆಯನ್ನೇ ಕಳೆದುಕೊಂಡಿದ್ದನ್ನು ಗಮನಿಸಿ, ಮೃತರ ಮಿದುಳುಗಳನ್ನು ಪರೀಕ್ಷಿಸಿದರು. ಹಸಿವು, ದೇಹೋಷ್ಣತೆಗಳನ್ನೂ ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ ಹಿಂಬದಿಗೆ ಅತಿನಿದ್ದೆಯವರಲ್ಲಿಯೂ, ಮುಂಬದಿಗೆ ನಿದ್ದೆಗೆಟ್ಟವರಲ್ಲಿಯೂ ಹಾನಿಯಾಗಿತ್ತು. ನಿದ್ದೆಯೆಂದರೆ ದಣಿದ ಮಿದುಳು ಸುಮ್ಮನಾಗುವುದಷ್ಟೇ ಎಂಬ ಎಣಿಕೆಗೆ ಇದಕ್ಕಿಂತ ಬಲವಾದ ಉತ್ತರ ಬೇಕಿರಲಿಲ್ಲ.

ಹೈಪೊಥಲಾಮಸ್‌ನ ಮುಂಬದಿಯಲ್ಲಿರುವ, ನಿದ್ದೆ ತರುವ ನಿದ್ರಾಕೋಶಗಳು ಗಾಬಾ ಎಂಬ ತಡೆರಾಸಾಯನಿಕವನ್ನು ಸ್ರವಿಸಿ, ನಾರ್‌ಅಡ್ರಿನಲಿನ್, ಸಿರೊಟೋನಿನ್, ಹಿಸ್ಟಮಿನ್‌ಗಳ ಮೂಲಕ ಮಿದುಳನ್ನು ಎಚ್ಚರವಾಗಿಡುವ ಕೇಂದ್ರಗಳನ್ನು ಅಡಗಿಸುತ್ತವೆ. ಅಲರ್ಜಿಗೆ ನುಂಗುವ ಹಳೆಯ ಮಾತ್ರೆಗಳು ತೂಕಡಿಕೆ ತರುವುದು ಮಿದುಳಿನೊಳಗೂ ಹಿಸ್ಟಮಿನ್ ಅನ್ನು ತಡೆಯುವುದರಿಂದಲೇ. ಎಚ್ಚರದ ಕೇಂದ್ರಗಳೂ ನಿದ್ರಾಕೋಶಗಳನ್ನು ಪ್ರತಿಯಾಗಿ ಅದುಮುವುದರಿಂದ, ವಿದ್ಯುತ್ ಸ್ವಿಚ್ಚಿನಂತೆ ಈ ಮಂಡಲವು ಒಂದು ಬದಿಗೆ ವಾಲಿದರೆ ಅಲ್ಲಿಯೇ ನಿಲ್ಲುತ್ತದೆ, ನಡುವೆ ಹೆಚ್ಚು ಹೊತ್ತು ತೂಗಾಡುವುದಿಲ್ಲ.

ಎಚ್ಚರದ ಕೇಂದ್ರಗಳು ಮೌನವಾದಾಗ, ಮಿದುಳಿನ ಹೊರಪದರದ ಅಸಂಖ್ಯ ಕೋಶಗಳು ಒಟ್ಟಾಗಿ ಮಿಡಿದು ಒಟ್ಟಾಗಿ ಸ್ತಬ್ಧವಾಗತೊಡಗುತ್ತವೆ. ಗಾಢನಿದ್ದೆಯ ಗುರುತಾದ, ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಆವರ್ತನದ ದೊಡ್ಡ ಅಲೆಗಳು ಹುಟ್ಟುವುದು ಹೀಗೆ.

ಎಚ್ಚರದ ಬದಿಯನ್ನು ಭದ್ರವಾಗಿ ಹಿಡಿದಿಡುವುದು 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ಮಿದುಳಿನ ರಾಸಾಯನಿಕ. ಅದನ್ನು ತಯಾರಿಸುವ ಕೋಶಗಳು ನಶಿಸಿದಾಗ ಹಗಲಿನಲ್ಲಿಯೇ ತಡೆಯಲಾಗದ ನಿದ್ದೆ ಆವರಿಸುವ ನಾರ್ಕೊಲೆಪ್ಸಿ ಉಂಟಾಗುತ್ತದೆ. ಈ ತಿಳಿವನ್ನೇ ತಿರುಗಿಸಿ ಬಳಸಿದ, ಒರೆಕ್ಸಿನ್‌ನ ಕ್ರಿಯೆಯನ್ನು ತಡೆದು ನಿದ್ದೆ ಬರಿಸುವ ಸುವೊರೆಕ್ಸಾಂಟ್ ಎಂಬ ಔಷಧಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.