ತನ್ನೊಳಗಿನ ಜಗಳಕ್ಕೆ ಮೇಲಿನವನ ಆಸರೆ

ಕಾಗವಾಡ, ಅಥಣಿ, ರಾಯಬಾಗ ಕಡೆಯ ಹಿರಿಯರಿಗೆ ಮಿರಜಿನ ಮಿಷನ್ ದವಾಖಾನೆ ಹೊಸದಲ್ಲ. ಡಾ. ವಿಲಿಯಂ ವಾನ್‌ಲೆಸ್ ಅದನ್ನು 1894ರಲ್ಲಿ ತೆರೆದರು. ಗಡಿಯ ಎಷ್ಟೋ ಕುಟುಂಬಗಳು ಮೈಯ ಬೇನೆಗೆ ಅಲ್ಲಿ ಔಷಧ ಪಡೆದಿವೆ. ಆದರೆ ಆ ಮಿಷನ್ನಿನವರ ಧರ್ಮ ಮನಸ್ಸಿನ ಬೇನೆಗೆ ಯಾವ ಔಷಧ ಹೇಳುತ್ತದೆ ಎಂದು ವಿಚಾರಿಸಿದವರು ಕಡಿಮೆ.

ಬೈಬಲಿನ ಹೊಸ ಒಡಂಬಡಿಕೆ ಮೂಲತಃ ಗ್ರೀಕ್ ಭಾಷೆಯದು. ಅದರಲ್ಲಿ ಪಾಪಕ್ಕೆ ಇರುವ ಮುಖ್ಯ ಶಬ್ದ ‘ಹಮಾರ್ತಿಯಾ’. ಗುರಿ ತಪ್ಪುವುದು ಎಂಬುದು ಅದರ ಹಳೆಯ ಅರ್ಥ. ಪರೀಕ್ಷೆಯಲ್ಲಿ ನಕಲು ಮಾಡುವುದು ತಪ್ಪೆಂದು ಹುಡುಗನಿಗೆ ಗೊತ್ತು. ಮಾಡಬಾರದೆಂದು ನಿಶ್ಚಯಿಸಿಯೂ ಇರುತ್ತಾನೆ. ಆದರೂ ಕೈ ಚೀಟಿಯತ್ತ ಹೋಗುತ್ತದೆ. ಬೇಡವೆಂದದ್ದನ್ನೇ ಮಾಡುವ ಈ ಸಂಕಟವನ್ನು ಸಂತ ಪೌಲ ರೋಮ್ ನಗರದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದಾನೆ. ಜ್ವರ ಬಂದವನು ತನ್ನ ಬಿಸಿ ಕೈಯನ್ನೇ ಹಣೆಗಿಟ್ಟುಕೊಂಡರೆ ಜ್ವರ ತಿಳಿಯದು. ಇಚ್ಛಾಶಕ್ತಿಗೇ ಬೇನೆ ತಗುಲಿರುವಾಗ ಅದೊಂದರಿಂದಲೇ ಗುಣವಾಗದು, ದೇವರ ಕೃಪೆ ಬೇಕು ಎಂಬುದು ಕ್ರೈಸ್ತರ ನಂಬಿಕೆ.

ಇದೇ ನೆಲದಲ್ಲಿ ಬೇರೆ ಉತ್ತರವೂ ಇದೆ. ದೂಧಗಂಗಾ, ವೇದಗಂಗಾ ಕೂಡುವ ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ರೈತ ಮನೆತನದಿಂದ ಬಂದವರು ಜೈನ ಆಚಾರ್ಯ ಶಾಂತಿಸಾಗರರು (1872-1955). ಜೈನ ಮತದಲ್ಲಿ ಕರ್ಮವು ಆತ್ಮಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಅದನ್ನು ಸ್ವಂತ ತಪಸ್ಸಿನಿಂದಲೇ ಉದುರಿಸಬೇಕು. ಕ್ಷಮಿಸಿ ಕಳೆಯುವ ದೇವರಿಲ್ಲ. ಅಥಣಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಶರಣ ಪರಂಪರೆಯಲ್ಲಾದರೋ ಗುರುಕಾರುಣ್ಯಕ್ಕೆ ದೊಡ್ಡ ಸ್ಥಾನ. ಅಥಣಿಯ ಭಕ್ತನಿಗೆ ‘ಕೃಪೆ’ ಎಂಬ ಮಾತು ಪರಕೀಯವೆನಿಸದು.

ಕ್ರೈಸ್ತರ ಈ ಹೋರಾಟವನ್ನು ಬದುಕಿ ತೋರಿಸಿದ ಕನ್ನಡ ನೆಲದ ಮಗಳು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಇಂಗ್ಲೆಂಡಿನ ವಾಂಟೇಜ್‌ನಲ್ಲಿ 1883ರಲ್ಲಿ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಮನಸ್ಸಿಗೆ ನೆಮ್ಮದಿ ಬಂತೆ? ಇಲ್ಲ ಎಂದು ಅವರೇ ಬರೆದಿದ್ದಾರೆ. ಧರ್ಮ ಸಿಕ್ಕಿತು, ಕ್ರಿಸ್ತ ಸಿಗಲಿಲ್ಲ ಎಂಬ ಕೊರತೆ ಸುಮಾರು ಎಂಟು ವರ್ಷ ಕಾಡಿತು. ವಾದದಲ್ಲಿ ಪಂಡಿತರನ್ನು ಮೆಚ್ಚಿಸಿದ ಬುದ್ಧಿ ಒಳಗಿನ ಭಾರವನ್ನು ಇಳಿಸಲಿಲ್ಲ. ಹ್ಯಾಸ್ಲಂ ಎಂಬ ಪಾದ್ರಿಯ ಆತ್ಮಕಥನ ಓದಿದಾಗ, ಚರ್ಚಿಗೆ ಸೇರುವುದೇ ಬೇರೆ, ಮನಸ್ಸು ಬದಲಾಗುವುದೇ ಬೇರೆ ಎಂಬುದು ಹೊಳೆಯಿತು. ಇದ್ದ ಹಾಗೆಯೇ ದೇವರ ಮುಂದೆ ನಿಲ್ಲಬೇಕೆಂದು ಅವರು ತಿಳಿದರು. ಹೆಸರಾಂತ ವಿದುಷಿಗೆ ಇಷ್ಟು ಒಪ್ಪಿಕೊಳ್ಳುವುದು ಸುಲಭದ ಮಾತೇ?

ಆ ನೆಮ್ಮದಿಯನ್ನು ಅವರು ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳಲಿಲ್ಲ. 1896ರ ಬರದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವಿನಲ್ಲಿ ‘ಮುಕ್ತಿ’ ಆಶ್ರಮ ಕಟ್ಟಿದರು. ಕಲಬುರಗಿಯಲ್ಲಿಯೂ ಶಾಲೆ ತೆರೆದರು. 1905ರಲ್ಲಿ ಆಶ್ರಮದ ಹುಡುಗಿಯರು ಪ್ರಾರ್ಥನೆಯಲ್ಲಿ ಅಳುತ್ತ ತಮ್ಮ ತಪ್ಪು ಹೇಳಿಕೊಂಡದ್ದು ಆ ಕಾಲದ ದೊಡ್ಡ ಸುದ್ದಿ.

ಕೃಪೆ ಎಂದರೆ ಪುಕ್ಕಟೆ ಮಾಫಿ ಎಂದು ತಿಳಿಯುವ ಅಪಾಯ ಇದ್ದೇ ಇದೆ. ಕ್ಷಮೆ ಸಿಗುತ್ತದೆಂದು ಮತ್ತೆ ಪಾಪ ಮಾಡಬಹುದೇ ಎಂಬ ಪ್ರಶ್ನೆಯನ್ನು ಪೌಲನೇ ಎತ್ತಿ, ಕೂಡದೆಂದು ಉತ್ತರಿಸಿದ್ದಾನೆ. ಸುಂಕದ ಅಧಿಕಾರಿ ಜಕ್ಕಾಯ ಏಸುವಿನ ಮುಂದೆ ಬರಿದೆ ಕಣ್ಣೀರು ಹಾಕಲಿಲ್ಲ; ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಹೇಳಿದ. ಕೆಟ್ಟ ಆಲೋಚನೆ ಸುಳಿಯುವುದೇ ಪಾಪವಲ್ಲ, ಅದಕ್ಕೆ ಒಳಗಾಗುವುದು ಪಾಪ ಎಂಬ ವ್ಯತ್ಯಾಸವನ್ನೂ ಕ್ರೈಸ್ತರು ಮಾಡುತ್ತಾರೆ. ಮಕ್ಕಳನ್ನು ಗದರಿಸುವ ಪಾಲಕರು ಇದನ್ನು ಗಮನಿಸಬೇಕು.

ಈ ದಾರಿಯ ಒಂದು ಕವಲು ಚರ್ಚಿನ ಹೊರಗೂ ಹರಿಯಿತು. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದರು. ಅದರಿಂದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಕುಡಿತದ ಮುಂದೆ ತನ್ನ ಬಲ ಸಾಲದೆಂದು ಒಪ್ಪುವುದು ಅದರ ಮೊದಲ ಮೆಟ್ಟಿಲು. ದೇವರನ್ನು ಅವರವರು ತಿಳಿದಂತೆ ನಂಬಬಹುದು. ನೋಯಿಸಿದವರ ಮನೆಗೆ ಹೋಗಿ, ಆದಷ್ಟನ್ನು ಸರಿಪಡಿಸುವುದು ಒಂಬತ್ತನೆಯ ಮೆಟ್ಟಿಲು. ಅದರಿಂದ ಅವರಿಗೇ ಮತ್ತೆ ನೋವಾಗುವಂತಿದ್ದರೆ ಮಾತ್ರ ಹೋಗಬಾರದು.