ನಿಮಗಿದು ಗೊತ್ತೇ? ರಕ್ತದೊಳಗಿನ ಗಂಟುಗಳ ಬೇಟೆ!

ಜೋಯಿಡಾ, ದಾಂಡೇಲಿಯ ಕಾಡಂಚಿನಲ್ಲಿ ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಎಲ್ಲಿಂದ ಬರುತ್ತದೆ ಗೊತ್ತೇ? ಕುದುರೆಯ ರಕ್ತದಿಂದ! ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಅದೊಂದೇ ಮದ್ದು.

ಜೀವ ಉಳಿಯಿತು, ಮನೆಗೂ ಬಂದಾಯಿತು. ವಾರ, ಹತ್ತು ದಿನ ಕಳೆದ ಮೇಲೆ ಕೆಲವರಿಗೆ ಜ್ವರ, ಕೀಲುನೋವು, ಮೈಮೇಲೆ ದದ್ದು! ಇದು ವಿಷದ ಕೆಲಸವಲ್ಲ. ಕುದುರೆಯ ಪ್ರೋಟೀನಿಗೆ ನಮ್ಮ ಪ್ರತಿಕಾಯಗಳು ಅಂಟಿ, ರಕ್ತದಲ್ಲಿ ಸೂಕ್ಷ್ಮ ಗಂಟುಗಳಾಗಿವೆ. ಇವೇ ಇಮ್ಯೂನ್ ಕಾಂಪ್ಲೆಕ್ಸ್. ಹೆದರಬೇಡಿ, ಚಿಕಿತ್ಸೆಯಿದೆ. ಹಾವು ಕಚ್ಚಿದ್ದನ್ನು ಮಾತ್ರ ವೈದ್ಯರಿಗೆ ಮರೆಯದೆ ಹೇಳಿ!

ಇಂಥ ಮದ್ದಿನಿಂದ ಬರುವ ಈ ಕಾಯಿಲೆಯ ಮೇಲೆ 1905ರಲ್ಲೇ ಒಂದು ಪುಸ್ತಕ ಬಂದಿತ್ತು! ಬರೆದವರು ವಿಯೆನ್ನಾದ ಪಿರ್ಕೆ ಮತ್ತು ಶಿಕ್.

ಇಂಥ ಗಂಟುಗಳು ನಿಮ್ಮಲ್ಲೂ ಹುಟ್ಟುತ್ತಿರುತ್ತವೆ! ಕೆಂಪು ರಕ್ತಕಣಗಳು ಅವನ್ನು ಬಸ್ಸಿನಂತೆ ಹತ್ತಿಸಿಕೊಂಡು ಯಕೃತ್ತಿನಲ್ಲಿ ಇಳಿಸಿ, ಮತ್ತೆ ಸುತ್ತಾಟಕ್ಕೆ ಹೊರಡುತ್ತವೆ. ಉಸಿರಿನ ಆಮ್ಲಜನಕ ಒಯ್ಯುವ ಕಣಕ್ಕೆ ಕಸ ಸಾಗಿಸುವ ಕೆಲಸವೂ ಇದೆ!

ಕಣ್ಣಿಗೆ ಕಾಣದ ಗಂಟನ್ನು ಹಿಡಿಯುವುದು ಹೇಗೆ? ಮುಲಾಮುಗಳಲ್ಲಿ ಬಳಸುವ ಪಾಲಿಇಥಿಲೀನ್ ಗ್ಲೈಕಾಲನ್ನು ರಕ್ತದ ತಿಳಿದ್ರವವಾದ ಸೀರಂಗೆ ಬೆರೆಸಿದರೆ ಸಾಕು. ದೊಡ್ಡ ಗಂಟುಗಳು ತಳಕ್ಕಿಳಿಯುತ್ತವೆ!

ಕೆಲವು ಗಂಟುಗಳಿಗೆ ಚಳಿಯೇ ಆಗದು. ಸೀರಂ ಅನ್ನು 4 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ತಳದಲ್ಲಿ ಬಿಳಿ ಗಷ್ಟು. 37 ಡಿಗ್ರಿಗೆ ಬೆಚ್ಚಗಾಗಿಸಿದರೆ ಮಾಯ! ಅದಕ್ಕೇ ಸೀರಂ ಬೇರ್ಪಡಿಸುವವರೆಗೂ ರಕ್ತವನ್ನು ಬೆಚ್ಚಗಿಡಬೇಕು. ಹಳಿಯಾಳದಲ್ಲಿ ತೆಗೆದ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಧಾರವಾಡಕ್ಕೆ ಕಳಿಸಿದರೆ ಪರೀಕ್ಷೆಯೇ ಕೆಟ್ಟಿತು!

1963ರಲ್ಲಿ ನೈಜೀರಿಯಾದ ಹನ್ನೊಂದು ವರ್ಷದ ಹುಡುಗನ ಗೆಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ! ಹೆಸರು ರಾಜಿ ಕೋಶ. ಈ ಗಂಟುಗಳನ್ನು ಅವು ಗಪ್ಪನೆ ಹಿಡಿದುಕೊಳ್ಳುತ್ತವೆ. 1976ರ ಹೊತ್ತಿಗೆ ಅದೇ ಒಂದು ಪರೀಕ್ಷೆಯಾಗಿತ್ತು!

ಪ್ರಯೋಗಾಲಯದವರು ಬೇಕೆಂದೇ ಗಂಟು ಕಟ್ಟಿಸುವುದೂ ಉಂಟು! ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರವನ್ನು ಕಾಡಿರುವ ಮಂಗನ ಕಾಯಿಲೆಯನ್ನೇ ನೋಡಿ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುತ್ತಾರೆ. ಆಮೇಲೆ ಎಲೈಸಾ ಪರೀಕ್ಷೆ. ರೋಗಿಯ ಪ್ರತಿಕಾಯ ತಟ್ಟೆಯ ಮೇಲೆ ವೈರಸ್ಸಿನ ಪ್ರೋಟೀನಿಗೆ ಗಂಟುಬಿದ್ದರೆ ಬಣ್ಣ ಬದಲು!

ಲೂಪಸ್ ಕಾಯಿಲೆಯಲ್ಲಿ ಈ ಗಂಟುಗಳು ಮೂತ್ರಪಿಂಡದಲ್ಲಿ ಕೂತುಬಿಡುತ್ತವೆ. ಹೊಳೆಯುವ ಬಣ್ಣ ಹಚ್ಚಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರಾಗಿ ಮಿನುಗುತ್ತವೆ!

ಇನ್ನೂ ಸೋಜಿಗ ಕೇಳಿ. ಇಂದು ವೈದ್ಯರು ಹೆಚ್ಚಾಗಿ ಗಂಟನ್ನು ಅಳೆಯುವುದೇ ಇಲ್ಲ! ಗಂಟುಗಳು ಬಳಸಿ ಖಾಲಿಮಾಡುವ ಸಿ3, ಸಿ4 ಪ್ರೋಟೀನುಗಳನ್ನು ಅಳೆಯುತ್ತಾರೆ. ಅವು ತಗ್ಗಿದ್ದರೆ ಗಂಟಿನ ಮೇಲೆ ಗುಮಾನಿ. ಇರುವುದನ್ನು ಪತ್ತೆಹಚ್ಚಲು ಇಲ್ಲವಾದದ್ದನ್ನು ಲೆಕ್ಕಹಾಕುವ ಜಾಣ್ಮೆ ಇದು!