ಒಲೆಗೆ ಕೊಟ್ಟಿಗೆಯೇ ಇಂಧನ ಮೂಲ: ಗದಗ ಸೀಮೆಯಲ್ಲಿ ಗೋಬರ್ ಅನಿಲ

ಗದಗ-ಬೆಟಗೇರಿಯ ಸುತ್ತಲಿನ ಹಳ್ಳಿಗಳಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿಯೂ ಒಕ್ಕಲುತನದ ಮನೆಗೆ ಬೇಕಾಗುವ ಶಕ್ತಿ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ದೀಪ, ಫ್ಯಾನು, ಮಿಕ್ಸರ್‌ಗಳಿಗೆ ತಂತಿಯ ಮೂಲಕ ವಿದ್ಯುತ್ತು; ಒಲೆಗೆ ಸಿಲಿಂಡರಿನ ಅನಿಲ. ಸಿಲಿಂಡರ್ ತೀರಿದಾಗ ಅಥವಾ ಅದರ ಬೆಲೆ ಭಾರವಾದಾಗ ಮತ್ತೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಮತ್ತು ಕುಳ್ಳು ಒಲೆ ಸೇರುತ್ತವೆ. ದೊಡ್ಡ ಸಂಸ್ಥೆಗಳನ್ನೇ ನೆಚ್ಚಿರುವ ಈ ವ್ಯವಸ್ಥೆಯನ್ನು ಬಿಟ್ಟು, ಹತ್ತಿರದ ಸಣ್ಣ ಮೂಲವೊಂದಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಅನೇಕ ರೈತರು ಕೇಳುತ್ತಾರೆ. ಇದಕ್ಕೆ ದೀಪದ ವಿಷಯದಲ್ಲಿ ಒಂದು ಉತ್ತರ, ಒಲೆಯ ವಿಷಯದಲ್ಲಿ ಇನ್ನೊಂದು ಉತ್ತರವಿದೆ.

ವಿದ್ಯುತ್ತಿನಲ್ಲಿ ಆಯ್ಕೆ ಎಷ್ಟು?

ಗದಗ ಜಿಲ್ಲೆಗೆ ವಿದ್ಯುತ್ ಹಂಚುವ ಸಂಸ್ಥೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. 2002ರ ಜೂನ್ ತಿಂಗಳಿನಿಂದ ಧಾರವಾಡ, ಬೆಳಗಾವಿ, ಗದಗ, ಹಾವೇರಿ, ವಿಜಯಪುರ, ಬಾಗಲಕೋಟೆ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಒಂದು ಮನೆಯ ಮೀಟರನ್ನು ಈ ಕಂಪನಿಯಿಂದ ಬಿಡಿಸಿ ಬೇರೊಂದು ಕಂಪನಿಗೆ ಒಪ್ಪಿಸುವ ಅವಕಾಶ ಸಾಮಾನ್ಯ ಗೃಹಬಳಕೆದಾರನಿಗೆ ಇಲ್ಲ. 2022ರ ಕೇಂದ್ರ ನಿಯಮಗಳು ಗಾಳಿ, ಬಿಸಿಲಿನ ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳುವ ದಾರಿಯನ್ನು ಸಡಿಲಗೊಳಿಸಿದವಾದರೂ ಅದಕ್ಕೆ 100 ಕಿಲೊವ್ಯಾಟ್ ಬೇಡಿಕೆ ಇರಬೇಕು. ಅದು ಗಿರಣಿ, ಕಾರ್ಖಾನೆಗಳ ಮಾತು. ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳ ವಿದ್ಯುತ್ತು ಕೆಳಗಿನ ಹಳ್ಳಿಯ ಮನೆಗೆ ನೇರವಾಗಿ ಬರುವುದಿಲ್ಲ.

ರಾಜ್ಯದಲ್ಲಿ ಸಣ್ಣ ಹಂಚಿಕೆದಾರ ಸಂಸ್ಥೆಯ ಒಂದು ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸಗಟು ವಿದ್ಯುತ್ತನ್ನು ಕೊಂಡು ತನ್ನ ವ್ಯಾಪ್ತಿಯ ಹಳ್ಳಿಗಳಿಗೆ ಹಂಚುತ್ತದೆ. ಅಲ್ಲಿ ಬಳಕೆದಾರನೇ ಸಂಘದ ಸದಸ್ಯ. ಆದರೆ ಇಂಥ ಸಂಘಕ್ಕೆ ಪರವಾನಿಗೆ, ಕಂಬ, ತಂತಿ ಎಲ್ಲವೂ ಬೇಕು. ಒಬ್ಬ ರೈತ ಮನಸ್ಸು ಮಾಡಿದ ಮಾತ್ರಕ್ಕೆ ಆಗುವ ಕೆಲಸ ಇದಲ್ಲ.

ಉಳಿದದ್ದು ಮಾಳಿಗೆಯ ಮೇಲಿನ ಸೌರ ಫಲಕ. 1 ಕಿಲೊವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ. 2024ರ ಫೆಬ್ರುವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೊವ್ಯಾಟಿಗೆ 30,000 ರೂ., 2 ಕಿಲೊವ್ಯಾಟಿಗೆ 60,000 ರೂ., 3 ಅಥವಾ ಅದಕ್ಕೂ ಹೆಚ್ಚಿಗೆ 78,000 ರೂ. ಸಹಾಯಧನ ಗೊತ್ತುಪಡಿಸಲಾಯಿತು. ಆದರೆ ಕೈ ಹಾಕುವ ಮುಂಚೆ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಕಡಿಮೆ ವಿದ್ಯುತ್ ಬಳಸುವ ಮನೆಗಳ ಬಿಲ್ಲು ಶೂನ್ಯವಾಗಿದೆ. ಇಲ್ಲದ ಬಿಲ್ಲನ್ನು ಉಳಿಸಲು ಸಾಲ ಮಾಡುವುದು ಜಾಣತನವಲ್ಲ. ಎರಡು, ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಫಲಕವು ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರ ಜೀವರಕ್ಷಣೆಗಾಗಿ ಹೀಗೆ ಮಾಡಲಾಗಿದೆ.

ಆದ್ದರಿಂದ ಬಹುಪಾಲು ಒಕ್ಕಲಿಗರ ಮನೆಗಳಲ್ಲಿ ದೀಪದ ಖರ್ಚು ಈಗ ದೊಡ್ಡದಲ್ಲ. ಭಾರ ಇರುವುದು ಒಲೆಯಲ್ಲಿ. ಒಲೆಗೆ ಬೇಕಾದ ಸಣ್ಣ ಮೂಲವಾದರೋ ಅನೇಕ ಮನೆಗಳ ಹಿತ್ತಲಲ್ಲಿಯೇ ಇದೆ.

ಕುಳ್ಳೋ, ಅನಿಲವೋ?

ಎರಿ ಭೂಮಿಯ ಈ ಬಯಲುಸೀಮೆಯಲ್ಲಿ ಗಿಡಮರ ಕಡಿಮೆ. ಕಟ್ಟಿಗೆ ಸಾಲದ್ದರಿಂದ ಸಗಣಿಯನ್ನು ತಟ್ಟಿ ಕುಳ್ಳು ಮಾಡಿ ಸುಡುವುದು ಹಿಂದಿನಿಂದ ಬಂದ ರೂಢಿ. ಇದರಲ್ಲಿ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬೇಕು.

25 ಕಿಲೊ ಹಸಿ ಸಗಣಿಯಲ್ಲಿ 20 ಕಿಲೊದಷ್ಟು ನೀರೇ ಇರುತ್ತದೆ. ಒಣಗಿದಾಗ ಸಿಗುವುದು ಸುಮಾರು 5 ಕಿಲೊ ಕುಳ್ಳು. ಅದೇ 25 ಕಿಲೊ ಸಗಣಿಯನ್ನು ಗೋಬರ್ ಅನಿಲ ಘಟಕಕ್ಕೆ ಹಾಕಿದರೆ ಸುಮಾರು 1 ಘನ ಮೀಟರ್ ಅನಿಲ ಬರುತ್ತದೆ. ಅಡಿಗೆಗೆ ಒದಗುವ ಶಾಖದಲ್ಲಿ 1 ಘನ ಮೀಟರ್ ಅನಿಲವು ಸುಮಾರು 12 ಕಿಲೊ ಕುಳ್ಳಿಗೆ, ಮೂರೂವರೆ ಕಿಲೊ ಕಟ್ಟಿಗೆಗೆ ಅಥವಾ 430 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. ಅಂದರೆ ಅದೇ ಸಗಣಿಯಿಂದ ಎರಡು ಪಟ್ಟಿಗೂ ಮಿಗಿಲಾದ ಅಡಿಗೆ. ಕುಳ್ಳು ಸುಟ್ಟರೆ ಸಾರಜನಕವೆಲ್ಲ ಹೊಗೆಯೊಡನೆ ಹೋಗಿ ಬೂದಿ ಮಾತ್ರ ಉಳಿಯುತ್ತದೆ. ಘಟಕದಲ್ಲಿ ಹಾಕಿದರೆ ಅನಿಲ ತೆಗೆದ ಮೇಲೂ ಗೊಬ್ಬರ ಹೊಲಕ್ಕೆ ಉಳಿಯುತ್ತದೆ. ಅಡಿಗೆ ಮಾಡುವ ಹೆಣ್ಣುಮಕ್ಕಳ ಕಣ್ಣು, ಎದೆಗಳಿಗೆ ಹೊಗೆಯ ಕಾಟ ತಪ್ಪುವುದು ಇದಕ್ಕೂ ಮೇಲಿನ ಲಾಭ.

ದನಗಳೆಷ್ಟು, ಘಟಕವೆಷ್ಟು?

ಕಟ್ಟಿದ ಘಟಕಗಳು ನಿಂತುಹೋಗಲು ದೊಡ್ಡ ಕಾರಣ, ಇರುವ ಸಗಣಿಗಿಂತ ದೊಡ್ಡ ಘಟಕ ಕಟ್ಟಿಸುವುದು. 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ ಆರಂಭವಾದಂದಿನಿಂದ ಈ ಪಾಠ ಮತ್ತೆ ಮತ್ತೆ ಕಂಡುಬಂದಿದೆ.

ದೊಡ್ಡ ದನವೊಂದು ದಿನಕ್ಕೆ ಸುಮಾರು 10 ಕಿಲೊ, ಎಮ್ಮೆ 12ರಿಂದ 15 ಕಿಲೊ ಸಗಣಿ ಹಾಕುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ಹಗಲೆಲ್ಲ ಮೇಯಲು ಬಿಟ್ಟ ದನದ ಅರ್ಧದಷ್ಟು ಸಗಣಿ ಅಡವಿಯಲ್ಲಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಮೇವು ಕಡಿಮೆಯಾದರೆ ಸಗಣಿಯೂ ಕಡಿಮೆ. ಆದುದರಿಂದ ತಲೆ ಎಣಿಸಿ ಲೆಕ್ಕ ಹಾಕದೆ ಬುಟ್ಟಿ ತೂಗಿ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಒಂದು ವಾರ ಪ್ರತಿದಿನ ಕೊಟ್ಟಿಗೆಯಲ್ಲಿ ಸಿಕ್ಕ ಸಗಣಿಯನ್ನು ತೂಗಿ ಬರೆದಿಟ್ಟು, ಅದರ ಸರಾಸರಿಯ ಮೇಲೆ ಘಟಕದ ಗಾತ್ರ ನಿರ್ಧರಿಸುವುದು ಒಳ್ಳೆಯದು.

1 ಘನ ಮೀಟರ್ ಘಟಕ: ದಿನಕ್ಕೆ 25 ಕಿಲೊ ಸಗಣಿ, 2-3 ದನ, 3-4 ಜನರ ಅಡಿಗೆಗೆ.
2 ಘನ ಮೀಟರ್ ಘಟಕ: ದಿನಕ್ಕೆ 50 ಕಿಲೊ ಸಗಣಿ, 4-5 ದನ, 5-7 ಜನರ ಅಡಿಗೆಗೆ.
3 ಘನ ಮೀಟರ್ ಘಟಕ: ದಿನಕ್ಕೆ 75 ಕಿಲೊ ಸಗಣಿ, 7-8 ದನ, ದೊಡ್ಡ ಕೂಡುಕುಟುಂಬಕ್ಕೆ.

2 ಘನ ಮೀಟರ್ ಘಟಕವು ಪೂರ್ಣವಾಗಿ ನಡೆದರೆ ತಿಂಗಳಿಗೆ ಸುಮಾರು 26 ಕಿಲೊ ಸಿಲಿಂಡರ್ ಅನಿಲಕ್ಕೆ ಸಮನಾದ ಇಂಧನ ಕೊಡುತ್ತದೆ. ಮುಕ್ಕಾಲು ಭಾಗ ನಡೆದರೂ 14.2 ಕಿಲೊದ ಒಂದು ಸಿಲಿಂಡರಿಗಿಂತ ಹೆಚ್ಚೇ ಆಯಿತು.

ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮನೆಗಳಲ್ಲಿ ಒಂದೇ ಆಕಳು ಇದ್ದರೆ ಘಟಕದ ಗೊಡವೆ ಬೇಡ. ಮುಂದಿನ ಹತ್ತು ವರ್ಷ ದನ ಕಟ್ಟುವ ಇರಾದೆ ಇದೆಯೇ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಯೋಚಿಸಬೇಕು. ಸಗಣಿಯಷ್ಟೇ ನೀರೂ ಬೇಕು: 50 ಕಿಲೊ ಸಗಣಿಗೆ 50 ಲೀಟರ್. ಕುಡಿಯುವ ನೀರಿಗೂ ಕೊರತೆ ಇರುವ ಊರಿನಲ್ಲಿ ದನದ ಮೈ ತೊಳೆದ, ಕೊಟ್ಟಿಗೆ ತೊಳೆದ ನೀರನ್ನು ಬಳಸಬಹುದು. ಅದರಲ್ಲಿ ಸಾಬೂನು, ಫಿನಾಯಿಲ್ ಬೆರೆತಿರಬಾರದು.

ಪುರ ಗ್ರಾಮದ ಪಾಠ

ಇಡೀ ಊರಿಗೆ ಕೂಡಿ ಒಂದು ಘಟಕ ಕಟ್ಟಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಪ್ರಯೋಗ ಕರ್ನಾಟಕದಲ್ಲಿಯೇ ನಡೆದಿದೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವು ಸಾಮೂಹಿಕ ಘಟಕವನ್ನು ಕಟ್ಟಿಸಿತು. ಮೊದಲ ಉದ್ದೇಶ ಎಲ್ಲ ಮನೆಗಳ ಅಡಿಗೆಗೆ ಅನಿಲ ಕೊಡುವುದಾಗಿತ್ತು. ಊರಿನ ಸಗಣಿ ಅದಕ್ಕೆ ಸಾಲದು ಎಂದು ಕಂಡುಬಂದಾಗ ಉದ್ದೇಶವನ್ನೇ ಬದಲಿಸಿ, 1987ರಿಂದ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ಕೊಳವೆ ಬಾವಿಯಿಂದ ಕುಡಿಯುವ ನೀರು ಒದಗಿಸಲಾಯಿತು. ಸಗಣಿ ತಂದುಕೊಟ್ಟವರಿಗೆ ಕಿಲೊ ಲೆಕ್ಕದಲ್ಲಿ ಹಣ, ಜೊತೆಗೆ ಅವರವರ ಪಾಲಿನ ಗೊಬ್ಬರ ಹಿಂದಕ್ಕೆ. ದೀಪಕ್ಕೆ ತಿಂಗಳ ಶುಲ್ಕ. ಈ ವ್ಯವಸ್ಥೆ 1990ರ ದಶಕದಲ್ಲಿಯೂ ನಡೆದು, ಅನಂತರ ನಿಂತಿತು.

ಇದರಿಂದ ತಿಳಿಯಬೇಕಾದುದು ಇಷ್ಟು: ಸಣ್ಣ ಮೂಲಕ್ಕೆ ಮಿತಿ ಇದೆ, ಆ ಮಿತಿಯನ್ನು ಕಟ್ಟುವ ಮುಂಚೆಯೇ ಅಳೆಯಬೇಕು. ಊರಿನ ಘಟಕಕ್ಕೆ ದಿನವೂ ನೋಡಿಕೊಳ್ಳುವ ಹೊಣೆಗಾರರು ಬೇಕು, ತಪ್ಪದೆ ಹಣ ಸಲ್ಲಿಸುವ ಸದಸ್ಯರು ಬೇಕು. ಮನೆಯ ಘಟಕದಲ್ಲಿ ಸಗಣಿ ಹಾಕುವವರು ಮತ್ತು ಅನಿಲ ಉರಿಸುವವರು ಒಂದೇ ಮನೆಯವರಾದ್ದರಿಂದ ಹೊಣೆ ಸರಳ.

ಜಾಗ ಮತ್ತು ಕಟ್ಟಡ

ನೆಲದೊಳಗೆ ಇಟ್ಟಿಗೆ-ಸಿಮೆಂಟಿನ ಗುಮ್ಮಟ ಕಟ್ಟುವ 'ದೀನಬಂಧು' ಮಾದರಿ 1984ರಲ್ಲಿ ಬಂದಿತು. ತೇಲುವ ಕಬ್ಬಿಣದ ಡ್ರಮ್ ಇರುವ ಖಾದಿ ಆಯೋಗದ ಮಾದರಿಗಿಂತ ಇದಕ್ಕೆ ಖರ್ಚು ಕಡಿಮೆ. ವರ್ಷವೂ ಬಣ್ಣ ಹಚ್ಚುವ ಕೆಲಸವಿಲ್ಲ. ಆದರೆ ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಅನಿಲ ಸೋರುತ್ತದೆ. ತರಬೇತಿ ಪಡೆದ ಗೌಂಡಿಯಿಂದಲೇ ಕಟ್ಟಿಸತಕ್ಕದ್ದು.

ಎರಿ ಮಣ್ಣು ಈ ಭಾಗದಲ್ಲಿ ವಿಶೇಷ ಎಚ್ಚರಿಕೆ ಬೇಡುತ್ತದೆ. ಅದು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವುದರಿಂದ ಗೋಡೆಯನ್ನು ಒತ್ತಿ ಸೀಳುತ್ತದೆ. ತಗ್ಗನ್ನು ಬೇಸಿಗೆಯಲ್ಲಿ ತೆಗೆದು, ತಳಪಾಯವನ್ನು ಗಟ್ಟಿ ಗರಸಿನ ಮೇಲೆ ಹಾಕಬೇಕು. ಕಟ್ಟಡದ ಸುತ್ತ ತೆಗೆದ ಎರಿ ಮಣ್ಣನ್ನೇ ತುಂಬದೆ ಗರಸು ಅಥವಾ ಉಸುಕನ್ನು ತುಂಬಿ, ನೀರು ಹಾಕಿ ಧಮ್ಮಸು ಮಾಡಬೇಕು. ಶಿರಹಟ್ಟಿಯ ಕಡೆಯ ಮಸಾರಿ ನೆಲಗಳಲ್ಲಿ ಈ ತೊಂದರೆ ಕಡಿಮೆ.

ಜಾಗಕ್ಕೆ ದಿನವಿಡೀ ಬಿಸಿಲು ಬೀಳಬೇಕು. ದೊಡ್ಡ ಗಿಡದ ಬೇರು ಹತ್ತಿರ ಇರಬಾರದು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಬೇಕು. ಕೊಟ್ಟಿಗೆಗೂ ಅಡಿಗೆಮನೆಗೂ ಹತ್ತಿರವಾದಷ್ಟೂ ಮೇಲು. ಒಲೆ ಗೋಬರ್ ಅನಿಲಕ್ಕೆಂದೇ ಮಾಡಿದ್ದಿರಬೇಕು. ಸಿಲಿಂಡರಿನ ಒಲೆಯ ರಂಧ್ರ ಇದಕ್ಕೆ ಸಣ್ಣದಾಗುತ್ತದೆ. ಗಂಟೆಗೆ 0.45 ಘನ ಮೀಟರ್ ಉರಿಸುವ ಒಲೆಯಲ್ಲಿ ರೊಟ್ಟಿಯ ಹಂಚು ಚೆನ್ನಾಗಿ ಕಾಯುತ್ತದೆ.

ತುಂಬುವುದು ಮತ್ತು ನಡೆಸುವುದು

1. ಹೊಸ 2 ಘನ ಮೀಟರ್ ಘಟಕವನ್ನು ಮೊದಲು ತುಂಬಲು ಸುಮಾರು 2,000 ಕಿಲೊ ಸಗಣಿ, ಅಷ್ಟೇ ನೀರು ಬೇಕು. ನಡೆಯುತ್ತಿರುವ ಘಟಕದಿಂದ ನಾಲ್ಕಾರು ಕೊಡ ರಾಡಿ ತಂದು ಬೆರೆಸಿದರೆ ಅನಿಲ ಬೇಗ ಹುಟ್ಟುತ್ತದೆ.

2. ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದನ್ನು ಹೊರಗೆ ಬಿಟ್ಟುಬಿಡಬೇಕು. ಘಟಕದ ಬಾಯಲ್ಲಿ ಕಡ್ಡಿ ಗೀರಿ ಪರೀಕ್ಷಿಸಲೇಬಾರದು. ಒಲೆಯಲ್ಲಿ ಮಾತ್ರ ಹಚ್ಚಿ ನೋಡಬೇಕು.

3. ಸಗಣಿಯಲ್ಲಿನ ಕಸಕಡ್ಡಿ, ಉಸುಕು, ಕಣಿಕೆಯ ತುಣುಕು ಆಯ್ದು ತೆಗೆದು, ಸಮ ನೀರು ಬೆರೆಸಿ, ಗಂಟಿಲ್ಲದಂತೆ ಕಲಸಿ ದಿನವೂ ಹಾಕಬೇಕು. ನಾಲ್ಕು ದಿನ ಬಿಟ್ಟು ಒಂದೇ ಸಲ ಹಾಕುವುದು ಸರಿಯಲ್ಲ.

4. ಡಿಸೆಂಬರ್-ಜನವರಿಯ ಚಳಿಯಲ್ಲಿ ಅನಿಲ ಕಡಿಮೆಯಾಗುತ್ತದೆ. ಬಿಸಿಲಿಗೆ ಇಟ್ಟು ಬೆಚ್ಚಗಾದ ನೀರಿನಲ್ಲಿ ಕಲಸಿ ಮಧ್ಯಾಹ್ನ ಹಾಕಿದರೆ ಅನುಕೂಲ.

5. ಉರಿ ಕುಣಿಯತೊಡಗಿದರೆ ಕೊಳವೆಯಲ್ಲಿ ನೀರು ನಿಂತಿದೆಯೆಂದು ತಿಳಿದು ನೀರಿನ ತಿರುಪನ್ನು ಬಿಚ್ಚಿ ಹರಿಸಬೇಕು. ಕೊಳೆತ ತತ್ತಿಯ ವಾಸನೆ ಬಂದರೆ ಉರಿ ಹಚ್ಚದೆ ಕಿಟಕಿ ತೆರೆದು, ಜೋಡಣೆಗಳಿಗೆ ಸಾಬೂನಿನ ನೊರೆ ಸವರಿ ಸೋರಿಕೆ ಹುಡುಕಬೇಕು.

6. ಘಟಕ ಖಾಲಿ ಇದ್ದರೂ ಒಳಗೆ ಯಾರೂ ಇಳಿಯಕೂಡದು. ಒಳಗಿನ ಅನಿಲದಿಂದ ಉಸಿರುಕಟ್ಟಿ ಪ್ರಾಣ ಹೋಗುತ್ತದೆ. ಎರಡೂ ಕಡೆಯ ತಗ್ಗುಗಳಿಗೆ ಮಕ್ಕಳು, ಕರುಗಳು ಬೀಳದಂತೆ ಬಂಡೆ ಮುಚ್ಚಬೇಕು.

ಹೊರಬರುವ ರಾಡಿಯ ಉಪಯೋಗ

2 ಘನ ಮೀಟರ್ ಘಟಕದಿಂದ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 7 ಕಿಲೊ, ವರ್ಷಕ್ಕೆ 25 ಕ್ವಿಂಟಲ್ ಗೊಬ್ಬರ ಹೊರಬೀಳುತ್ತದೆ. ಅದರಲ್ಲಿ ಸೇಕಡಾ ಒಂದೂವರೆಯಷ್ಟು ಸಾರಜನಕ ಹಿಡಿದರೆ 38 ಕಿಲೊ ಆಯಿತು. ಎರಡು ಚೀಲ ಯೂರಿಯಾಕ್ಕೆ ತುಸು ಕಡಿಮೆ. ಆದರೆ ರಾಡಿಯನ್ನು ಬಿಸಿಲಿನಲ್ಲಿ ಹರವಿ ಒಣಗಿಸಿದರೆ ಸಾರಜನಕದ ಒಂದು ಭಾಗ ಹಾರಿಹೋಗುತ್ತದೆ. ಎರಡು ತಗ್ಗು ತೆಗೆದು, ಒಂದರಲ್ಲಿ ಕಸ, ಹೊಟ್ಟು, ರವದಿಯ ಪದರು ಹಾಕಿ ಅದರ ಮೇಲೆ ರಾಡಿ ಬಿಡುತ್ತ ಹೋದರೆ ಒಳ್ಳೆಯ ಕಾಂಪೋಸ್ಟ್ ಆಗುತ್ತದೆ. ಒಂದು ತುಂಬಿದ ಮೇಲೆ ಇನ್ನೊಂದನ್ನು ಬಳಸಬೇಕು. ತೋಟ ಇದ್ದವರು ಹಸಿ ರಾಡಿಯನ್ನೇ ನೀರಿನೊಂದಿಗೆ ಕಾಲುವೆಗೆ ಬಿಡಬಹುದು.

ಬದಲಾಯಿಸುವವರಿಗೆ ಕಡೆಯ ಮಾತು

ಗೋಬರ್ ಅನಿಲ ಬಂದಿತೆಂದು ಸಿಲಿಂಡರಿನ ಸಂಪರ್ಕವನ್ನು ಬಿಟ್ಟುಕೊಡಬಾರದು. ಮದುವೆ, ಜಾತ್ರೆಗಳಲ್ಲಿ ನೆಂಟರು ಬಂದಾಗ, ಚಳಿಗಾಲದಲ್ಲಿ, ಘಟಕ ರಿಪೇರಿಗೆ ಬಂದಾಗ ಅದು ಆಸರೆಯಾಗಿರಲಿ. ಸಹಾಯಧನದ ಮೊತ್ತ ಘಟಕದ ಗಾತ್ರಕ್ಕೂ ವರ್ಷಕ್ಕೂ ಬದಲಾಗುತ್ತಿರುತ್ತದೆ. ತಗ್ಗು ತೆಗೆಯುವ ಮುಂಚೆಯೇ ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ಘಟಕದ ಗಾತ್ರ ಮತ್ತು ಗೊಬ್ಬರದ ಬಳಕೆಯ ಬಗೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು. ವಿಸ್ತರಣಾ ಕಾರ್ಯಕರ್ತರು ಕಟ್ಟಿಸಿದ ಘಟಕಗಳ ಸಂಖ್ಯೆಗಿಂತ, ಎರಡು ವರ್ಷದ ನಂತರವೂ ಉರಿಯುತ್ತಿರುವ ಒಲೆಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವುದು ಉಚಿತ.

ನಾಲ್ಕು ದನ, ಐವತ್ತು ಲೀಟರ್ ನೀರು, ದಿನಕ್ಕೆ ಅರ್ಧ ತಾಸಿನ ದುಡಿಮೆ ಮತ್ತು ಅದನ್ನು ಮಾಡುವ ಮನಸ್ಸು: ಈ ನಾಲ್ಕೂ ಇರುವ ಮನೆ ತನ್ನ ಒಲೆಯ ಇಂಧನವನ್ನು ತಾನೇ ಒದಗಿಸಿಕೊಳ್ಳಬಲ್ಲದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಸದ್ಯಕ್ಕೆ ಸಿಲಿಂಡರಿನಲ್ಲಿಯೇ ಮುಂದುವರಿದು, ಸಗಣಿಯನ್ನು ಕುಳ್ಳು ತಟ್ಟದೆ ತಿಪ್ಪೆಗೆ ಸೇರಿಸುವುದೇ ಲಾಭದಾಯಕ.